ಆಕಾಶದಿಂದ ತಾರ್ಲೆ ಬಿತ್ತಂತೆ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಒಂದು ಪುಸ್ತಕದ ಬಗ್ಗೆ ಮಾತಾಡ್ತೇನೆ. ಪುಸ್ತಕದ ಬಗ್ಗೆ ಅನ್ನೋದಕ್ಕಿಂತ ಅದನ್ನ ಓದಿದೋರು, ಓದದೇ ಬರೀ ಕತೆ ಕೇಳಿದೋರು ನನ್ನ ಹತ್ರ ಎಂತೆಂತ ಅಂದ್ರು ಅನ್ನೋದರ ಬಗ್ಗೆ. ಜಪಾನಿನ ಹರುಕಿ ಮುರಾಕಾಮಿ ಬರೆದ ‘ಕಾಫ್ಕಾ ಆನ್ ದ ಶೋರ್’. ಜಪಾನಿ ಭಾಷೆಲಿ 2002ರಲ್ಲಿ ಬಂತು, ಫಿಲಿಪ್ ಗೇಬ್ರಿಯಲ್ ಮಾಡಿದ ಇಂಗ್ಲಿಷ್ ಅನುವಾದ 2005ರಲ್ಲಿ. ನನ್ನ ಹತ್ರ ಇರೋದು ಆ ಇಂಗ್ಲಿಷ್ ಪ್ರತಿ, ಒಂದೇ ಒಂದು, ಅದೇ ಕಾರವಾರದಿಂದ ಶಿರಸಿ ತನಕ ಕೈಯಿಂದ ಕೈಗೆ ಹೋಗಿ ಈಗ ಬೆನ್ನಿಗೆ ಟೇಪ್ ಹಚ್ಚಿಸ್ಕೊಂಡು ಕೂತಿದೆ.

ಕತೆ ಎಂತ ಅಂದ್ರೆ, ಬೆಸ ಅಧ್ಯಾಯದಲ್ಲಿ ಒಬ್ಬ 15 ವರ್ಷದ ಹುಡುಗ ಟೋಕಿಯೋದ ಮನೆ ಬಿಟ್ಟು ಓಡಿ ಹೋಗಿ ದೂರದ ಊರಿನ ಒಂದು ಲೈಬ್ರರಿಲಿ ಉಳ್ಕೊಳ್ತಾನೆ, ಸಮ ಅಧ್ಯಾಯದಲ್ಲಿ ನಕಾಟ ಅಂತ ಒಬ್ಬ ಮುದುಕ, ಓದೋದು ಬರೆಯೋದು ಬರೋದಿಲ್ಲ, ಆದ್ರೆ ಬೆಕ್ಕಿನ ಜೊತೆ ಮಾತಾಡ್ತಾನೆ, ಕಳೆದುಹೋದ ಬೆಕ್ಕು ಹುಡುಕಿ ಕೊಡೋದೇ ಅವನ ಕೆಲಸ. ಮಧ್ಯದಲ್ಲಿ ಕೊಲೆ ಇದೆ, ಗ್ರೀಕ್ ನಾಟಕದ ಶಾಪ ಇದೆ, ದೆವ್ವ ಇದೆ, ಲಾರಿ ಡ್ರೈವರ್ ಒಬ್ಬನ ತಮಾಷೆ ಇದೆ. ಪತ್ತೇದಾರಿ ಅನ್ನಿ, ಪ್ರೇಮಕತೆ ಅನ್ನಿ, ಯಾವ ಕಪಾಟಿಗೂ ಸರಿ ಕೂರೋದಿಲ್ಲ.

ಈ ನಕಾಟ ಒಂದಿನ ಪೊಲೀಸನ ಹತ್ರ ಹೋಗಿ, ನಾನೊಂದು ಕೊಲೆ ಮಾಡಿದೆ ಅಂತಾನೆ. ಆ ಪೊಲೀಸ ನಂಬೋದಿಲ್ಲ, ಮುದುಕನಿಗೆ ಅರಳು ಮರಳು ಅಂದ್ಕೊಳ್ತಾನೆ. ಹೋಗುವಾಗ ನಕಾಟ ಹೇಳ್ತಾನೆ, ನಾಳೆ ಡ್ಯೂಟಿ ಇದ್ರೆ ಕೊಡೆ ತನ್ನಿ, ಮೀನು ಬೀಳ್ತದೆ, ತಾರ್ಲೆ ಜಾಸ್ತಿ, ಸ್ವಲ್ಪ ಬಾಂಗಡೆ. ಪೊಲೀಸ ನಕ್ಕು, ಹಾಗಾದ್ರೆ ಕೊಡೆ ಉಲ್ಟಾ ಹಿಡಿದು ನಾಲ್ಕು ಹಿಡ್ಕೊಳ್ಳೋಣ ಅಂತಾನೆ. ಮಾರನೇ ದಿನ ನಿಜವಾಗೂ ಬೀಳ್ತದೆ.

ಇದನ್ನ ನಾನು ನಮ್ಮ ಮನೆಗೆ ಮೀನು ತರೋ ಅಕ್ಕನಿಗೆ ಹೇಳಿದೆ. ಅವಳು ಬುಟ್ಟಿ ಇಳಿಸಿ, ಬಾಂಗಡೆಯ ಕಿವಿ ಎತ್ತಿ ಕೆಂಪು ತೋರಿಸ್ತಾ ಕೇಳ್ತಾ ಇದ್ಲು. ಆಕಾಶದಿಂದ ಮೀನು ಹ್ಯಾಗೆ ಬೀಳ್ತದೆ ಅಂತ ಕೇಳ್ತಾಳೆ ಅಂದ್ಕೊಂಡೆ, ಕೇಳಲೇ ಇಲ್ಲ. “ತಾರ್ಲೆ ಜಾಸ್ತಿ, ಬಾಂಗಡೆ ಕಡಿಮೆ, ಅದು ಸರಿ ಅಕ್ಕೋರೆ, ಬಲೆಗೂ ಕೆಲವು ಸಲ ಹಾಗೇ ಬರೋದು. ಕೊಡೆಲಿ ಎಷ್ಟು ಹಿಡಿತಾನೆ ಅವ, ಬುಟ್ಟಿ ತರೋದಲ್ವಾ” ಅಂದ್ಲು. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, “ಆ ಮುದುಕ ಖರೆ ಹೇಳಿದ್ರೂ ಪೊಲೀಸ ನಂಬ್ಲಿಲ್ಲ ಅಂದ್ರಿ ಅಲ್ಲ, ಆ ಕತೆ ಬರೆದೋನು ಲೋಕ ನೋಡಿದವ” ಅಂದ್ಲು. ಜೂನ್ 1ರಿಂದ ಜುಲೈ 31, ಮೀನು ಹಿಡಿಯೋ ಟ್ರಾಲರ್ ದೋಣಿ ಬಂದ್ ಇರೋ ಆ 61 ದಿನದಲ್ಲಿ ಬಿದ್ದಿದ್ರೆ ರೇಟು ಎಷ್ಟಾಗ್ತಿತ್ತು ಅಂತ ಲೆಕ್ಕ ಹಾಕ್ತಾ ಎದ್ದು ಹೋದ್ಲು. ನಾನು ಓದಿದ ಎಷ್ಟೋ ವಿಮರ್ಶೆಲಿ ಆ ಪೊಲೀಸನ ವಿಷಯ ಯಾರೂ ಹೀಗೆ ಹಿಡಿದಿದ್ದು ನೋಡಿಲ್ಲ.

ನಮ್ಮಲ್ಲಿ ಕೆಲವರು ಅಂತಾರೆ, ನಮಗೆ ಇದೆಲ್ಲ ಹೊಸದಲ್ಲ ಮಾರಾಯ್ರೆ, ರಾತ್ರಿಯಿಡೀ ಯಕ್ಷಗಾನ ನೋಡಿದೋರು ನಾವು ಅಂತ. ನಾನೂ ಮೊದಲು ಹಾಗೇ ಹೇಳ್ಕೊಂಡು ತಿರುಗ್ತಿದ್ದೆ. ಈಗ ಒಪ್ಪೋದಿಲ್ಲ. ಆಟದಲ್ಲಿ ರಾಕ್ಷಸ ಬರೋದಕ್ಕೆ ಮುಂಚೆ ಚಂಡೆ ಹೇಳ್ತದೆ, ಕಿರೀಟ ನೋಡಿದ ಕೂಡ್ಲೇ ಇವ ಯಾರು ಅಂತ ಗೊತ್ತಾಗ್ತದೆ, ನಿದ್ದೆ ತೂಗೋ ಮಗುವೂ ಎದ್ದು ಕೂರ್ತದೆ. ಮುರಾಕಾಮಿಲಿ ಚಂಡೆ ಇಲ್ಲ. ವಿಸ್ಕಿ ಬಾಟಲಿ ಮೇಲಿನ ಜಾನಿ ವಾಕರ್ ಸೀದಾ ಎದುರು ಬಂದು ನಿಂತು ಮಾತಾಡ್ತಾನೆ, ಹೆದರ್ಬೇಕೋ ನಗ್ಬೇಕೋ ಯಾರೂ ಹೇಳಿಕೊಡೋದಿಲ್ಲ. ಜನಕ್ಕೆ ಸಿಟ್ಟು ಬರೋದು ಅಲ್ಲೇ ಅಂತ ನನಗೆ ಅನಿಸ್ತದೆ.

ನಾನು ಕಲಿಸೋ ಶಾಲೆಯ ಇನ್ನೊಬ್ರು ಅಕ್ಕೋರು ಪೆನ್ಸಿಲ್ ಹಿಡ್ಕೊಂಡೇ ಓದೋದು. ಅವರು ವಾಪಸ್ ಕೊಟ್ಟಾಗ ನೋಡ್ತೇನೆ, ಅಂಚಿನ ತುಂಬ “ಯಾಕೆ?” “ಯಾಕೆ?”, ಆಮೇಲೆ ಅರ್ಧ ದಾಟಿದ ಮೇಲೆ ಒಂದೂ ಇಲ್ಲ. ಓದೋದು ಬಿಟ್ರಾ ಅಂದೆ. “ಇಲ್ಲ, ಮೂರೇ ದಿನದಲ್ಲಿ ಮುಗಿಸ್ದೆ, ಕೇಳೋದು ಮರ್ತೋಯ್ತು” ಅಂದ್ರು. ಜಪಾನಿನಲ್ಲಿ ಇದೇ ಪುಸ್ತಕಕ್ಕೆ ಪ್ರಕಾಶಕರು ಓದುಗರ ಪ್ರಶ್ನೆ ಕರೆದಾಗ 8,000ಕ್ಕೂ ಹೆಚ್ಚು ಬಂದವಂತೆ, ಲೇಖಕ ಸ್ವತಃ ಕೂತು 1,200ಕ್ಕೆ ಉತ್ತರ ಬರೆದ್ರು. ಒಗಟು ಇದೆ, ಉತ್ತರ ನಾನು ಇಟ್ಟಿಲ್ಲ, ಅದು ಒಬ್ಬೊಬ್ಬ ಓದುಗರಿಗೆ ಒಂದೊಂದು ಥರ ಕಾಣ್ತದೆ ಅನ್ನೋ ಅರ್ಥದಲ್ಲೇ ಅವರು ಹೇಳಿದ್ದು. ಉತ್ತರ ಕೊಡೋದಿಲ್ಲ ಅಂತ ಹೇಳೋಕೆ 1,200 ಉತ್ತರ! ಒಂದು ದೂರು ಮಾತ್ರ ನನ್ನದೂ ಇದೆ, ಅವರ ಹೆಣ್ಣು ಪಾತ್ರಗಳು ಯಾರದೋ ಕನಸಿನೊಳಗೆ ಓಡಾಡಿದ ಹಾಗಿರ್ತಾವೆ, ಅವಕ್ಕೆ ತಮ್ಮದೇ ಅಂತ ಒಂದು ಹಸಿವಿರೋದಿಲ್ಲ. ಇದನ್ನ ಅಲ್ಲಿನ ಲೇಖಕಿ ಮಿಯೆಕೊ ಕವಾಕಾಮಿ ಎದುರೆದುರೇ ಕೂತು ಕೇಳಿದಾರೆ, ಆ ಮಾತುಕತೆ 2017ರಲ್ಲಿ ಪುಸ್ತಕವೂ ಆಯ್ತು.

ಶಿರಸಿ ಕಡೆ ತೋಟ ಮಾಡೋ ನಮ್ಮಣ್ಣನದ್ದು ಬೇರೆ. ಅವನ ಮನೇಲಿ ಮೂರು ಬೆಕ್ಕು. ಜಾನಿ ವಾಕರ್ ಬೆಕ್ಕು ಕೊಲ್ಲೋ ಅಧ್ಯಾಯಕ್ಕೆ ಬಂದವನೇ ಪುಸ್ತಕಾನ ಪೇಪರಲ್ಲಿ ಸುತ್ತಿ, “ಯಂಗೆ ಮುಂದೆ ಓದಲೆ ಆಗ್ತಿಲ್ಲೆ ತಂಗಿ” ಅಂತ ಬಸ್ಸಲ್ಲಿ ಕಳಿಸಿಬಿಟ್ಟ. ನಾನು ಒತ್ತಾಯ ಮಾಡ್ಲಿಲ್ಲ, ಆ ಅಧ್ಯಾಯ ನನಗೂ ಎರಡನೇ ಸಲ ಓದೋಕಾಗ್ಲಿಲ್ಲ. ಮೊನ್ನೆ ಫೋನಲ್ಲಿ ಮಾತಿಗೆ ಮಾತು ಬಂದು, ಮುಂದೆ ಒಂದು ಕಡೆ ಆಕಾಶದಿಂದ ರಕ್ತ ಹೀರೋ ಉಂಬಳ ಬೀಳ್ತದೆ ಅಂದೆ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ದಿನಾ ಸುಣ್ಣ ಹಚ್ಚಿ ಕಾಲಿಂದ ಉಂಬಳ ಕಿತ್ತು ಒಗೆಯೋನು ಅವ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಸುಣ್ಣ ಹಚ್ಚಿದ್ವಡಾ?” ಅಂತ ಕೇಳ್ದ. ಓದಿ ನೋಡು ಅಂದೆ.

ನಾಳೆ ಬೆಳಗಿನ ಬಸ್ಸಿಗೆ ಕೊಡ್ಬೇಕು. ಬೆಕ್ಕಿನ ಆ ಅಧ್ಯಾಯದ ಹಾಳೆಗಳನ್ನ ಒಟ್ಟು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದೇನೆ.