ಜಗುಲಿಯಿಂದ ಕಂಡ ಟಿವಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಗೆ ಕೇಬಲ್ ಬಂದದ್ದು 1996ರ ಬೇಸಿಗೆಯಲ್ಲಿ. ಆಗ ನಾನು ನಾಲ್ಕನೇ ಕ್ಲಾಸು ಮುಗಿಸಿದ್ದೆ. ಅಂಕೋಲೆಯ ನಮ್ಮ ಕೇರಿಯಲ್ಲಿ ಆ ಕಪ್ಪು ವೈರು ತೆಂಗಿನ ಮರದಿಂದ ತೆಂಗಿನ ಮರಕ್ಕೆ ಹಾದು ಬಂತು. ಕೇಬಲ್ಲಿನವರ ಹಿತ್ತಲಲ್ಲಿ ಆಕಾಶಕ್ಕೆ ಬಾಯಿ ತೆರೆದು ಕೂತ ದೊಡ್ಡ ಬಾಣಲೆಯಂಥ ಡಿಶ್. ದಾರಿ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದಲ್ವಾ, ಅದಕ್ಕೆ ನಡುನಡುವೆ ಯಾರದೋ ಮನೆಯ ಮಾಡಿನ ಅಡಿಯಲ್ಲಿ ಒಂದು ಬೂಸ್ಟರ್ ಇಡುತ್ತಿದ್ದರು. ಅದಕ್ಕೆ ಆ ಮನೆಯದೇ ಕರೆಂಟು. ಆ ಮನೆಯವರು ಮದುವೆಗೆ ಅಂತ ಮೇನ್ ಸ್ವಿಚ್ ಆಫ್ ಮಾಡಿ ಕುಮಟೆಗೆ ಹೋದರೆ ಆ ದಿನ ಇಡೀ ಕೇರಿಗೆ ಕ್ರಿಕೆಟ್ ಇಲ್ಲ.

ಮಳೆಗಾಲದಲ್ಲಿ ಗುಡುಗು ಶುರುವಾದ ಕೂಡಲೇ ನಮ್ಮ ಆಯಿ ಓಡಿ ಬಂದು ವೈರು ಕಿತ್ತುಬಿಡುತ್ತಿದ್ದರು. ಕಿತ್ತ ವೈರಿನ ತುದಿಯನ್ನು ಗಾಜಿನ ಲೋಟದೊಳಗೆ ಇಡುತ್ತಿದ್ದರು. ಗಾಜಿಗೆ ಸಿಡಿಲು ತಾಗುವುದಿಲ್ಲ ಅಂತ ಅವರ ನಂಬಿಕೆ. ಹೊರಗೆ ಧೋ ಅಂತ ಮಳೆ, ಒಳಗೆ ಕಪ್ಪಾದ ಪರದೆಯ ಮುಂದೆ ನಾವು ನಾಲ್ಕು ಮಕ್ಕಳು. ಗುಡುಗು ನಿಲ್ಲುವುದನ್ನೇ ಕಾಯುತ್ತಿದ್ದೆವು. ಆ ಕಾಯುವಿಕೆಯ ರುಚಿ ನನಗೆ ಇವತ್ತಿಗೂ ನಾಲಿಗೆಯ ಮೇಲಿದೆ.

ನಮ್ಮದು ಹಳೆಯ ಟಿವಿ. ಅದರಲ್ಲಿ ಹನ್ನೆರಡೇ ಚಾನೆಲ್. ಆಕಾಶದಿಂದ ಎಷ್ಟೇ ಇಳಿದು ಬರಲಿ, ನಮಗೆ ಸಿಗುವ ಹನ್ನೆರಡು ಯಾವುದು ಅನ್ನುವುದನ್ನು ಕೇಬಲ್ಲಿನವರೇ ಗೊತ್ತು ಮಾಡುತ್ತಿದ್ದರು. ಎರಡು ದೂರದರ್ಶನ, 1994ರಲ್ಲಿ ಶುರುವಾದ ಉದಯ, ಮೂರೋ ನಾಲ್ಕೋ ಹಿಂದಿ, ಇಂಗ್ಲಿಷಿನ ಒಂದೆರಡು. ಮತ್ತೆ ಕಾರ್ಟೂನ್ ನೆಟ್‌ವರ್ಕ್. ಅದು ಭಾರತಕ್ಕೆ ಬಂದದ್ದು 1995ರಲ್ಲಿ. ಸಂಜೆಯಾದರೆ ಕಾರ್ಟೂನು ನಿಂತು ಅದೇ ಜಾಗದಲ್ಲಿ ಹಳೆಯ ಇಂಗ್ಲಿಷ್ ಸಿನಿಮಾ ಶುರುವಾಗುತ್ತಿತ್ತು. ಆಗ ನಮಗೆ ಆದ ಸಂಕಟ, ಶಾಲೆಗೆ ಬೇಸಿಗೆ ರಜೆ ಮುಗಿದಾಗಲೂ ಆಗುತ್ತಿರಲಿಲ್ಲ.

ಇಷ್ಟೆಲ್ಲ ಪ್ರೀತಿಯಿಂದ ಹೇಳುತ್ತಿದ್ದೇನೆ. ಯಾಕೆಂದರೆ ಆ ಪೆಟ್ಟಿಗೆಯನ್ನು ನಾನು ನಿಜವಾಗಿ ಪ್ರೀತಿಸಿದ್ದೆ. ಆದರೆ ಅದು ನಮಗೆ ಯಾರನ್ನು ತೋರಿಸಿತು, ಯಾರನ್ನು ತೋರಿಸಲೇ ಇಲ್ಲ ಅಂತ ಯೋಚಿಸಲು ನನಗೆ ಬಹಳ ವರ್ಷ ಬೇಕಾಯಿತು. ಇವತ್ತು ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆ ನಿಮಗೆ ಗೊತ್ತೇ ಇದೆ. ಕಾರವಾರದ ಪೇಟೆಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತರ ನವಾಯತಿ, ಶಿರಸಿ ಸಿದ್ದಾಪುರದಲ್ಲಿ ಹವ್ಯಕ ಕನ್ನಡ. ಅಂಕೋಲೆ, ಕುಮಟೆಯಲ್ಲಿ ಹಾಲಕ್ಕಿ ಒಕ್ಕಲಿಗರ ಕನ್ನಡವೇ ಬೇರೆ. ಜೋಯಿಡಾದ ಕಾಡಲ್ಲಿ ಕುಣಬಿಗಳು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿಗಳು, ಗೌಳಿಗಳು. ಮುಂಡಗೋಡಿಗೆ ಹೋದರೆ ಟಿಬೆಟಿನವರ ಇಡೀ ಊರೇ ಇದೆ. ನಮ್ಮ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮೀನು ಪೇಟೆಯಲ್ಲಿ ಎರಡೂ. ಟಿವಿ ಹಚ್ಚಿದರೆ ಇದರಲ್ಲಿ ಯಾವುದೂ ಇಲ್ಲ. ಕನ್ನಡ ಅಂದರೆ ಬೆಂಗಳೂರು ಮೈಸೂರಿನ ಕನ್ನಡ. ಕರಾವಳಿಯ ಮಾತು ಬಂದರೆ ಅದು ಅಡುಗೆ ಭಟ್ಟರ ಬಾಯಲ್ಲಿ, ನಗಿಸುವುದಕ್ಕೆ. ವಾರ್ತೆ ಓದುವವರೂ ಎಷ್ಟೋ ಸಲ ಉತ್ತರ ಕನ್ನಡಕ್ಕೂ ಉತ್ತರ ಕರ್ನಾಟಕಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಹಾಗೆ ಮಾತಾಡುತ್ತಿದ್ದರು. ಇವತ್ತಿಗೂ ಅದು ಪೂರ್ತಿ ಹೋಗಿಲ್ಲ. ಕೇಳಿದಾಗ ನನಗೆ ಈಗಲೂ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತದೆ.

ಸಿನಿಮಾ ಹಾಡುಗಳಲ್ಲಿ ಕಾಡಿನ ಜನ ಬರುತ್ತಿದ್ದರು. ಸೊಂಟಕ್ಕೆ ಎಲೆ, ತಲೆಗೆ ಗರಿ, ಮುಖಕ್ಕೆ ಮಸಿ. ಅರ್ಥವಿಲ್ಲದ ಕೂಗು. ನಮ್ಮ ಮನೆಗೆ ವಾರಕ್ಕೆ ಮೂರು ದಿನ ಬಸಳೆ, ಹರಿವೆ, ಗೆಣಸು ಹೊತ್ತು ತರುತ್ತಿದ್ದ ಹಾಲಕ್ಕಿ ಅಜ್ಜಿ ಒಬ್ಬರಿದ್ದರು. ಗೌಡ್ತಿ ಅಜ್ಜಿ ಅನ್ನುತ್ತಿದ್ದೆವು. ಕೊರಳು ತುಂಬ ಮಣಿಸರ, ಕುಪ್ಪಸವಿಲ್ಲದೆ ಹೆಗಲಿಗೆ ಬಿಗಿದ ಸೀರೆ. ತೂಕದಲ್ಲಿ ಅರ್ಧ ಮುಷ್ಟಿಯೂ ಮೋಸವಿಲ್ಲ. ಬುಟ್ಟಿ ಇಳಿಸಿ ಜಗುಲಿಯಲ್ಲಿ ಕೂತು, ಕಿಟಕಿಯ ಸರಳಿನ ನಡುವಿನಿಂದ ನಮ್ಮ ಟಿವಿ ನೋಡುತ್ತಿದ್ದರು. ಅಂಥ ಹಾಡು ಬಂದಾಗ ಒಮ್ಮೆ ನನ್ನ ಅಣ್ಣ ತಿರುಗಿ, ಅಜ್ಜಿ, ನಿಮ್ಮ ಕೇರಿಯವರು ನೋಡಿ ಅಂದ. ಅಜ್ಜಿ ನಗಲಿಲ್ಲ, ಬೈಯಲಿಲ್ಲ. ಇವರಿಗೆ ಏನಾದರೂ ಕಾಯಿಲೆಯಾ ಅಂತ ಕೇಳಿದರು. ನಿಜವಾಗಿಯೇ ಕೇಳಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅಜ್ಜಿ ಅಷ್ಟು ವರ್ಷ ಕಿಟಕಿಯಿಂದಲೇ ಟಿವಿ ನೋಡಿದರು. ಒಳಗೆ ಬಂದು ಕೂತುಕೊಳ್ಳಿ ಅಂತ ನಮ್ಮ ಮನೆಯಲ್ಲಿ ಯಾರೂ ಕರೆದಿರಲಿಲ್ಲ. ಟಿವಿ ಅವರನ್ನು ಹೊರಗಿಟ್ಟಿತು ಅಂತ ಈಗ ಹೇಳುವಾಗ ನನಗೆ ಆ ಜಗುಲಿ ನೆನಪಾಗುತ್ತದೆ.

ಭಾನುವಾರ ನಮ್ಮ ಮನೆಗೆ ಇನ್ನೊಬ್ಬಳು ಬರುತ್ತಿದ್ದಳು. ನನ್ನ ಕ್ಲಾಸಿನವಳು, ಹಾಸ್ಟೆಲಿನಲ್ಲಿದ್ದಳು. ಘಟ್ಟದ ಮೇಲಿನ ಸಿದ್ದಿ ಹುಡುಗಿ. ನೂರಾರು ವರ್ಷಗಳ ಹಿಂದೆ ಪೋರ್ಚುಗೀಸರು ಮತ್ತು ಬೇರೆ ವ್ಯಾಪಾರಿಗಳು ಆಫ್ರಿಕಾದಿಂದ ಹಿಡಿದು ತಂದವರು, ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರು, ಅವರ ಮಕ್ಕಳ ಮಕ್ಕಳು ಸಿದ್ದಿಗಳು ಅಂತ ಪುಸ್ತಕದಲ್ಲಿ ಓದಿದ್ದು ಆಮೇಲೆ. ಆಗ ನಮಗೆ ಗೊತ್ತಿದ್ದದ್ದು ಒಂದೇ. ಅವಳ ಮನೆಯ ಮಾತೂ ಕೊಂಕಣಿ. ನಮ್ಮ ಕೊಂಕಣಿಗಿಂತ ಸ್ವಲ್ಪ ಬೇರೆ, ಅಷ್ಟೇ. ಕ್ಲಾಸಿನಲ್ಲಿ ಟೀಚರಿಗೆ ತಿಳಿಯದ ಹಾಗೆ ಗುಟ್ಟು ಮಾತಾಡಲು ನನಗೆ ಅವಳೇ ಸರಿಯಾದ ಜೊತೆ.

ನಾವಿಬ್ಬರೂ ಅವಲಕ್ಕಿ ತಿನ್ನುತ್ತ ಟಾಮ್ ಅಂಡ್ ಜೆರ್ರಿ ನೋಡುತ್ತಿದ್ದೆವು. ಮಾತು ಬೇಡದ ಆಟ ಅದು, ಹಾಗಾಗಿ ಇಂಗ್ಲಿಷಿನ ಭಯ ಇರಲಿಲ್ಲ. ಅದರಲ್ಲಿ ಒಬ್ಬ ಹೆಂಗಸು ಬರುತ್ತಾಳೆ, ನಿಮಗೆ ನೆನಪಿದೆಯಾ? ಮುಖವೇ ಕಾಣುವುದಿಲ್ಲ. ದಪ್ಪ ಕಪ್ಪು ಕಾಲು, ಮಡಚಿದ ಕಾಲುಚೀಲ, ಕೈಯಲ್ಲಿ ಪೊರಕೆ. ಟಾಮ್ ತಪ್ಪು ಮಾಡಿದರೆ ಅಬ್ಬರಿಸುತ್ತಾ ಬರುತ್ತಾಳೆ. ಒಂದು ದಿನ ನಾನು ಗೆಳತಿಗೆ ಹೇಳಿದೆ, ನೋಡೇ, ಇವಳು ನಿಮ್ಮವಳ ಹಾಗೆ ಇದ್ದಾಳೆ. ಸುಮ್ನೆ ಹೇಳಿದ್ದು. ಟಿವಿಯಲ್ಲಿ ಅವಳ ಬಣ್ಣದವರು ಒಬ್ಬರಾದರೂ ಸಿಕ್ಕರಲ್ಲ ಅನ್ನುವ ಖುಷಿಯೂ ಇತ್ತು ಅಂತ ಕಾಣುತ್ತದೆ. ಅವಳು ಅವಲಕ್ಕಿ ತಿಂದು ಮುಗಿಸಿ ಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಆ ಹೆಂಗಸಿನ ಕಥೆ ನಾನು ಹುಡುಕಿ ಓದಿದ್ದು ಕಾಲೇಜು ಮುಗಿದ ಮೇಲೆ. ಅವಳನ್ನು ಮ್ಯಾಮಿ ಟೂ ಶೂಸ್ ಅಂತ ಕರೆಯುತ್ತಾರೆ. 1940ರಿಂದ 1952ರ ತನಕದ ಚಿತ್ರಗಳಲ್ಲಿ ಬರುತ್ತಾಳೆ. ಹೆಚ್ಚಿನವಕ್ಕೆ ದನಿ ಕೊಟ್ಟವರು ಲಿಲಿಯನ್ ರ‍್ಯಾಂಡಾಲ್ಫ್ ಎಂಬ ಕಪ್ಪು ನಟಿ. ಬಿಳಿಯರ ಮನೆಯ ಕಪ್ಪು ಕೆಲಸದವಳು ಅಂದರೆ ಹೀಗೇ ಇರಬೇಕು ಅನ್ನುವ ಅಚ್ಚಿನಲ್ಲಿ ತೆಗೆದ ಗೊಂಬೆ ಅದು. ಅಮೆರಿಕದಲ್ಲಿ ಕಪ್ಪು ಜನ ಆಗಲೇ ಆಕ್ಷೇಪ ಎತ್ತಿದ್ದರು. ಆಮೇಲೆ ಅಲ್ಲಿನ ಟಿವಿಗಾಗಿ ಕೆಲವು ಚಿತ್ರಗಳಲ್ಲಿ ಆ ಕಾಲುಗಳನ್ನು ಬಿಳಿ ಬಣ್ಣದಲ್ಲಿ ಮತ್ತೆ ಬರೆದರಂತೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ತಪ್ಪು ಗೊತ್ತಾದ ಮೇಲೆ ಅವಳಿಗೆ ಒಂದು ಮುಖ ಕೊಡಬಹುದಿತ್ತಲ್ವಾ? ಅವಳನ್ನೇ ಅಳಿಸಿಬಿಟ್ಟರು.

ನಮ್ಮ ಪಾಲಿನದೂ ಒಂದಿತ್ತು. ಜಾನಿ ಕ್ವೆಸ್ಟ್ ಅನ್ನುವ ಕಾರ್ಟೂನಿನಲ್ಲಿ ಹಾಜಿ ಅಂತ ಒಬ್ಬ ಹುಡುಗ, ಕಲ್ಕತ್ತೆಯವನು. ತಲೆಗೆ ಕಲ್ಲು ಕೂರಿಸಿದ ಪೇಟ, ಬಾಯಲ್ಲಿ ಏನೋ ಮಂತ್ರ, ಕೈಯಲ್ಲಿ ಜಾದೂ. ಭಾರತದವನು ಬಂದ ಅಂತ ನಾವು ಚಪ್ಪಾಳೆ ಹೊಡೆದಿದ್ದೆವು. ನಮ್ಮಲ್ಲಿ ಯಾರೂ ಹಾಗಿರಲಿಲ್ಲ ಅನ್ನುವುದು ಹೊಳೆಯಲೇ ಇಲ್ಲ.

ಗೆಳತಿ ಮತ್ತೆ ಸಿಕ್ಕಿದ್ದು 2024ರ ಮಾರ್ಚಿನಲ್ಲಿ, ಶಿರಸಿಯ ಮಾರಿಕಾಂಬೆ ಜಾತ್ರೆಯಲ್ಲಿ. ಬಳೆ ಅಂಗಡಿಯ ಮುಂದೆ. ಅವಳೇ ಗುರುತು ಹಿಡಿದು ಕೊಂಕಣಿಯಲ್ಲಿ ಕರೆದಳು. ಈಗ ಟೀಚರ್ ಆಗಿದ್ದಾಳೆ. ಜೊತೆಯಲ್ಲಿ ಹನ್ನೊಂದು ವರ್ಷದ ಮಗಳು. ಇಬ್ಬರೂ ಒಂದು ಕಡೆ ಕೂತೆವು. ನಾನು ಇಪ್ಪತ್ತೈದು ವರ್ಷದಿಂದ ಎದೆಯಲ್ಲಿಟ್ಟುಕೊಂಡದ್ದನ್ನು ಹೇಳಿದೆ. ಆ ಕಾರ್ಟೂನಿನ ಮಾತು, ತಪ್ಪಾಯಿತು ಅಂತ. ಅವಳು ನನ್ನನ್ನೇ ನೋಡಿದಳು. ಯಾವ ಕಾರ್ಟೂನ್ ಅಂತ ಕೇಳಿದಳು. ಅವಳಿಗೆ ಅದು ನೆನಪೇ ಇರಲಿಲ್ಲ.

ನಾನು ಬರುವುದು ಬಿಟ್ಟದ್ದು ಅದಕ್ಕಲ್ಲ ಅಂದಳು. ಆಗ ಒಂದು ಜಾಹೀರಾತು ಬರುತ್ತಿತ್ತು, ಮುಖಕ್ಕೆ ಹಚ್ಚುವ ಕ್ರೀಮಿನದು. ಕಪ್ಪಗಿರುವ ಹುಡುಗಿಗೆ ಕೆಲಸ ಇಲ್ಲ, ಗಂಡು ಇಲ್ಲ. ಕ್ರೀಮು ಹಚ್ಚಿ ಬೆಳ್ಳಗಾದ ಮೇಲೆ ಎರಡೂ ಸಿಗುತ್ತದೆ. ಅದು ಬಂದಾಗಲೆಲ್ಲ ನಿಮ್ಮ ಮನೆಯಲ್ಲಿ ಕೂತವರೆಲ್ಲ ಒಂದು ಸಲ ತಿರುಗಿ ನನ್ನ ಮುಖ ನೋಡುತ್ತಿದ್ದಿರಿ. ನಿನ್ನ ಆಯಿ, ಅಣ್ಣ, ನೀನು, ಎಲ್ಲರೂ. ನೋಡಿ ಮತ್ತೆ ಟಿವಿ ಕಡೆ ತಿರುಗುತ್ತಿದ್ದಿರಿ. ಯಾರೂ ಏನೂ ಅನ್ನುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಮೂರು ಸಲ ಬರುತ್ತಿತ್ತು ಅದು.

ನನಗೆ ಮಾತು ಹೊರಡಲಿಲ್ಲ. ನಾನು ಆಡಿದ ಮಾತನ್ನು ಇಷ್ಟು ವರ್ಷ ನೆನಪಿಟ್ಟಿದ್ದೆ. ನಾವು ನೋಡಿದ ನೋಟ ನನಗೆ ಗೊತ್ತೇ ಇರಲಿಲ್ಲ. ಅಂಥ ಕ್ರೀಮುಗಳಲ್ಲಿ ಎಲ್ಲರಿಗೂ ಗೊತ್ತಿರುವ ಒಂದು, 2020ರಲ್ಲಿ ತನ್ನ ಹೆಸರಿನಿಂದ ಫೇರ್ ಅನ್ನುವ ಪದ ತೆಗೆಯಿತು. ಆ ಸುದ್ದಿ ಓದಿದಾಗಲೂ ನನಗೆ ನಮ್ಮ ಮನೆಯ ಭಾನುವಾರ ನೆನಪಾಗಿರಲಿಲ್ಲ.

ಈಗ ಪರವಾಗಿಲ್ಲವಾ ಅಂತ ಕೇಳಿದೆ. ಈಗ ನಮ್ಮನ್ನು ತೋರಿಸುತ್ತಾರೆ ಅಂದಳು. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದಾಗ ಟಿವಿಯವರು ಬಂದರು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದಾಗ ಬಂದರು. ಪ್ರತಿ ಸಲವೂ ನಿಮ್ಮ ಢಮಾಮಿ ಡೋಲು ಬಾರಿಸಿ, ಕುಣಿಯಿರಿ ಅನ್ನುತ್ತಾರೆ. ನನ್ನ ಮಗಳಿಗೆ ಗಣಿತ ಇಷ್ಟ. ಅದನ್ನು ಯಾರೂ ಕೇಳುವುದಿಲ್ಲ.

ಅವಳ ಮಾತು ಎಷ್ಟು ಸರಿ ಅಂತ ಮನೆಗೆ ಬಂದ ಮೇಲೆ ಹೊಳೆಯಿತು. ನಮ್ಮ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ದೆಹಲಿಯಲ್ಲಿ ಪದ್ಮಶ್ರೀ ತೆಗೆದುಕೊಂಡಾಗ ಎಲ್ಲ ಚಾನೆಲ್ಲುಗಳೂ ತೋರಿಸಿದವು. ನಾನು ಟಿವಿ ಮುಂದೆ ಕೂತು ಅತ್ತುಬಿಟ್ಟಿದ್ದೆ. ಗೌಡ್ತಿ ಅಜ್ಜಿಯ ಹಾಗೇ ಸೀರೆ, ಅದೇ ಮಣಿಸರ. ಆದರೆ ಚಾನೆಲ್ಲುಗಳು ಹೇಳಿದ್ದು ಬರಿಗಾಲು, ಬರಿಗಾಲು ಅಂತಲೇ. ಕಾಡಿನಲ್ಲಿ ತಾಯಿಮರ ಯಾವುದು ಅಂತ ಗುರುತಿಸುವುದು ಅವರಿಗೆ ಗೊತ್ತಿತ್ತು. ಯಾವಾಗ ಬೀಜ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಅನ್ನುವುದನ್ನು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಮಾಡಿ ತೋರಿಸಿದವರು. ಅದನ್ನು ಅರ್ಧ ಗಂಟೆ ಕೂತು ಕೇಳಿದ್ದರೆ? 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಎರಡು ತಿಂಗಳಲ್ಲಿ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರೂ ಹೋದರು. ಸುಕ್ರಜ್ಜಿಯ ಹಾಡುಗಳನ್ನು ಕಾರವಾರದ ಆಕಾಶವಾಣಿ ಜಾನಪದ ಅಕಾಡೆಮಿಯ ಜೊತೆ ಸೇರಿ ಧ್ವನಿಮುದ್ರಣ ಮಾಡಿತ್ತು. ಕ್ಯಾಮೆರಾಗಳು ಅವರನ್ನು ಹುಡುಕಿಕೊಂಡು ಬಂದದ್ದು 2017ರಲ್ಲಿ, ಪದ್ಮಶ್ರೀ ಬಂದ ಮೇಲೆ.

ಆದರೂ ನಮ್ಮ ಕೇಬಲ್ಲಿನಲ್ಲಿ ಒಂದು ಚಾನೆಲ್ ಇತ್ತು. ಹನ್ನೆರಡನೆಯದು. ಅದು ಯಾವ ಉಪಗ್ರಹದಿಂದಲೂ ಬರುತ್ತಿರಲಿಲ್ಲ, ಕೇಬಲ್ಲಿನವರ ಮನೆಯ ವಿಸಿಆರ್‌ನಿಂದ ಬರುತ್ತಿತ್ತು. ರಾತ್ರಿ ಒಂಬತ್ತೂವರೆಗೆ ಒಂದು ಸಿನಿಮಾ, ನಡುವೆ ಬಟ್ಟೆ ಅಂಗಡಿಯ ಜಾಹೀರಾತು. ಹಬ್ಬದ ದಿನಗಳಲ್ಲಿ ಅವರೇ ಕ್ಯಾಮೆರಾ ಹೊತ್ತು ಹೋಗಿ ತೆಗೆದದ್ದನ್ನು ಹಾಕುತ್ತಿದ್ದರು. ಬೇಸಿಗೆಯ ಬಂಡಿ ಹಬ್ಬ. ಬಯಲಾಟ. ಹೋಳಿ ಹುಣ್ಣಿಮೆಯ ಹೊತ್ತಿಗೆ ಹಾಲಕ್ಕಿಗಳ ಸುಗ್ಗಿ ಕುಣಿತ. ಚಿತ್ರ ಅಲುಗುತ್ತಿತ್ತು, ದನಿ ಗರಗರ ಅನ್ನುತ್ತಿತ್ತು. ಆದರೆ ತಲೆಯ ಮೇಲೆ ಬಣ್ಣದ ತುರಾಯಿ ಕಟ್ಟಿ ಕುಣಿಯುವವರು ನಮಗೆ ಹೆಸರು ಹಿಡಿದು ಗೊತ್ತಿದ್ದ ಜನ.

1998ರ ಸುಗ್ಗಿಯನ್ನು ಹಾಕಿದ ದಿನ ಗೌಡ್ತಿ ಅಜ್ಜಿ ಮನೆಗೆ ಹೋಗದೆ ಕತ್ತಲಾಗುವ ತನಕ ಜಗುಲಿಯಲ್ಲಿ ಕಾದು ಕೂತರು. ಅವರ ಮಗ ಕುಣಿದಿದ್ದ. ಗುಮಟೆ ವಾದ್ಯದ ಸದ್ದು ಬಂತು. ಅಜ್ಜಿ ಸರಳು ಹಿಡಿದು ಎದ್ದು ನಿಂತರು. ಸ್ವಲ್ಪ ಹೊತ್ತಿಗೆ ಹಾಡು ಫಕ್ಕನೆ ನಿಂತು ಜಾಹೀರಾತು ಬಂತು. ಅಜ್ಜಿಗೆ ಬಂದ ಸಿಟ್ಟು ನೋಡಬೇಕಿತ್ತು. ಹಾಡನ್ನು ನಡುವೆ ಕತ್ತರಿಸಬಾರದು, ಶುರು ಮಾಡಿದ ಮೇಲೆ ಮುಗಿಸಲೇಬೇಕು, ಇವರಿಗೆ ಅಷ್ಟೂ ಗೊತ್ತಿಲ್ಲವಾ ಅಂತ ಬುಟ್ಟಿ ಎತ್ತಿಕೊಂಡು ಹೋಗಿಬಿಟ್ಟರು. ಮರುದಿನ ಸೊಪ್ಪು ಕೊಡುವ ಮೊದಲು ಕೇಬಲ್ಲಿನವರ ಮನೆಗೇ ಹೋಗಿ ಹೇಳಿ ಬಂದರಂತೆ.

ಸೆಟ್ ಟಾಪ್ ಬಾಕ್ಸ್ ಬಂದ ಮೇಲೆ ನಮ್ಮ ಕೇರಿಯಲ್ಲಿ ಆ ಚಾನೆಲ್ ನಿಂತಿತು. ಕೇಬಲ್ಲಿನವರಿಗೆ ಈಗ ವಯಸ್ಸಾಗಿದೆ. ಜಾತ್ರೆಯಿಂದ ಬಂದ ಮೇಲೆ ನಾನು ಅವರನ್ನು ನೋಡಲು ಹೋದೆ. ಅಟ್ಟದ ಮೇಲೆ ನಲವತ್ತರ ಹತ್ತಿರ ಕ್ಯಾಸೆಟ್ಟುಗಳಿವೆ. ಬಾಲ್ ಪೆನ್ನಿನಲ್ಲಿ ಬರೆದ ಚೀಟಿಗಳು. ನಮ್ಮ ಮಳೆಯ ಗಾಳಿಗೆ ಹೆಚ್ಚಿನವಕ್ಕೆ ಬೂಸಲು ಹಿಡಿದಿದೆ. ಮೂರನ್ನು ಹುಬ್ಬಳ್ಳಿಗೆ ಕಳಿಸಿ ಸ್ವಚ್ಛ ಮಾಡಿಸಿದೆ. ಒಂದರಲ್ಲಿ 1998ರ ಸುಗ್ಗಿ ಸಿಕ್ಕಿತು. ಅಜ್ಜಿಯ ಮಗ ಇದ್ದಾನೆ, ತುರಾಯಿ ಇದೆ, ಗುಮಟೆ ಇದೆ. ಹಾಡು ಕ್ಯಾಸೆಟ್ಟಿನಲ್ಲೂ ಅರ್ಧಕ್ಕೇ ನಿಂತಿದೆ.

ಗೌಡ್ತಿ ಅಜ್ಜಿ ಈಗಿಲ್ಲ. ಅವರ ಸೊಸೆಗೆ ಪೂರ್ತಿ ಹಾಡು ಬರುತ್ತದಂತೆ. ಬರುವ ಭಾನುವಾರ ಅವರು ನಮ್ಮ ಮನೆಗೆ ಬರುತ್ತಾರೆ, ಒಳಗಿನ ಕೋಣೆಯಲ್ಲಿ ಕೂತು ಆ ಕ್ಯಾಸೆಟ್ ನೋಡುತ್ತೇವೆ. ಗೆಳತಿಯೂ ಮಗಳನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದಾಳೆ. ನಿಮ್ಮ ಊರಿನ ಕೇಬಲ್ಲಿನವರ ಅಟ್ಟದಲ್ಲೂ ಇಂಥ ಕ್ಯಾಸೆಟ್ಟುಗಳು ಇರಬಹುದು. ಈ ಮಳೆಗಾಲಕ್ಕೆ ಮೊದಲು ಒಮ್ಮೆ ಹೋಗಿ ಕೇಳಿ.

ನಮಸ್ಕಾರ.