ಸಾಲ್ಸ್‌ಬರಿ ಗುಡ್ಡ, ಏಳರ ತಾಳ, ಒಂದು ತಪ್ಪು ರೆಕಾರ್ಡ್

ಗುಡ್ಡ ಹತ್ತುತ್ತಾ ತೆಗೆದ ವಿಡಿಯೋ ಇದು, ಮಾತು ಆಮೇಲೆ ಮನೆಯಲ್ಲಿ ಸೇರಿಸಿದ್ದು. ಈ ಗೇಟ್ ದಾಟಿದ ಮೇಲೆ ದಾರಿ ಪೂರ್ತಿ ಏರು. ಇಂಗ್ಲೆಂಡಿನ ಬಾತ್ ಊರಿನ ಮಗ್ಗುಲಲ್ಲಿ ಬಾತ್‌ಈಸ್ಟನ್ ಅಂತ ಒಂದು ಹಳ್ಳಿ, ಅದರ ನೆತ್ತಿಯ ಮೇಲೆ ಈ ಲಿಟಲ್ ಸಾಲ್ಸ್‌ಬರಿ ಹಿಲ್. ಸ್ಟೋನ್‌ಹೆಂಜ್ ಹತ್ತಿರದ ಸಾಲ್ಸ್‌ಬರಿ ಬೇರೆ, ಇದು ಬೇರೆ. ಎತ್ತರ ಸುಮಾರು 190 ಮೀಟರ್ ಅಷ್ಟೇ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಗಾಳಿ ನೋಡಿ, ಹುಲ್ಲೆಲ್ಲ ಒಂದೇ ಕಡೆ ಮಲಗಿದೆ.

ಇಂಗ್ಲೆಂಡಿನ ಹಾಡುಗಾರ ಪೀಟರ್ ಗೇಬ್ರಿಯಲ್ 1975ರಲ್ಲಿ ಜೆನೆಸಿಸ್ ಅನ್ನೋ ರಾಕ್ ಬ್ಯಾಂಡ್ ಬಿಟ್ಟರು. ವಯಸ್ಸು 25. ಶಾಲೆಯ ಗೆಳೆಯರು ಸೇರಿ ಕಟ್ಟಿದ ಬ್ಯಾಂಡ್ ಅದು, ಆಗ ಒಳ್ಳೆ ಹೆಸರು ಬರುತ್ತಿತ್ತು. ಇತ್ತ ಅವರ ಮನೆಯಲ್ಲಿ, ಹುಟ್ಟಿದಾಗಲೇ ಕಾಯಿಲೆ ಬಿದ್ದ ಮಗು. ಬ್ಯಾಂಡ್ ಬಿಟ್ಟು ಎರಡು ವರ್ಷಕ್ಕೆ ಬಂದ ಮೊದಲ ಸೋಲೋ ಹಾಡು ಈ ಗುಡ್ಡದ್ದು, 'ಸಾಲ್ಸ್‌ಬರಿ ಹಿಲ್'. 1977, ಬ್ರಿಟನ್ ಪಟ್ಟಿಯಲ್ಲಿ 13ನೇ ಜಾಗ. ರೆಕಾರ್ಡ್ ಮಾಡಿದ್ದು ಕೆನಡಾದ ಟೊರೊಂಟೊದಲ್ಲಿ! ಇಲ್ಲಿನ ಹುಲ್ಲು, ಇಲ್ಲಿನ ಗಾಳಿ, ಎಲ್ಲ ಅಷ್ಟು ದೂರ ಹೋಗಿ ಹಾಡಾಯಿತು.

ಏರು ಇನ್ನೂ ಇದೆ. ಅಷ್ಟರಲ್ಲಿ ರೆಕಾರ್ಡ್ ವಿಷಯ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಆಗುತ್ತಿಲ್ಲ.

ಗುಡ್ಡ ಇಳಿದ ಸಂಜೆ ಒಂದು ಹಳೇ ರೆಕಾರ್ಡ್ ಅಂಗಡಿಗೆ ಹೋದೆ. ಈ ಹಾಡಿರುವ ಅವರ ಮೊದಲ ಆಲ್ಬಮ್ ಸಿಕ್ಕಿತು. ಕವರ್ ಮೇಲೆ ನೀಲಿ ಕಾರು, ಬಾನೆಟ್ ತುಂಬ ಮಳೆ ಹನಿ, ಗಾಜಿನ ಹಿಂದೆ ಅವರ ಮುಖ. 24 ಪೌಂಡ್. ನಮ್ಮ ದುಡ್ಡಲ್ಲಿ ಎರಡೂವರೆ ಸಾವಿರದ ಮೇಲೆ. ಕೊಟ್ಟೆ. ಮನೆಗೆ ಬಂದು ಮುಳ್ಳು ಇಟ್ಟೆ. ಎರಡನೇ ಹಾಡಾಗಿ 'ಸಾಲ್ಸ್‌ಬರಿ ಹಿಲ್' ಬರಬೇಕು. ಬರಲಿಲ್ಲ. ತಿರುಗಿಸಿ ಹಾಕಿದೆ, ಅಲ್ಲೂ ಇಲ್ಲ. ಲೇಬಲ್ ನೋಡಿದರೆ 'ಪೀಟರ್ ಗೇಬ್ರಿಯಲ್' ಅಂತಲೇ ಇದೆ. ಸರಿ ತಾನೆ? ಸರಿ ಇಲ್ಲ! ಇವರ ಮೊದಲ ನಾಲ್ಕು ಆಲ್ಬಮ್‌ಗೂ ಒಂದೇ ಹೆಸರು, 'ಪೀಟರ್ ಗೇಬ್ರಿಯಲ್'. ನಾಲ್ಕನೆಯದಕ್ಕೆ ಅಮೆರಿಕದ ಕಂಪನಿ ಹಟ ಹಿಡಿದು ಬೇರೆ ಹೆಸರು ಅಂಟಿಸಿತು, ಅಷ್ಟೇ. ಜನ ಕವರ್ ಚಿತ್ರ ನೋಡಿ ಕಾರು, ಗೀರು, ಕರಗಿದ ಮುಖ ಅಂತ ಗುರುತು ಹಿಡಿಯುತ್ತಾರೆ. ಯಾರೋ ಕಾರಿನ ಕವರ್ ಒಳಗೆ 1978ರ ಗೀರಿನ ತಟ್ಟೆ ಇಟ್ಟಿದ್ದಾರೆ. ಅಂಗಡಿಯವರು ಹೆಸರು ನೋಡಿ ಮಾರಿದ್ದಾರೆ, ನಾನು ಹೆಸರು ನೋಡಿ ತಂದಿದ್ದೇನೆ. ಫೋನ್ ಮಾಡಿದರೆ, ತಟ್ಟೆ ತೆಗೆದು ನೋಡಬೇಕಿತ್ತು ಅಂದರು. 24 ಪೌಂಡ್ ತೆಗೆದುಕೊಂಡವರು ನೋಡಬೇಕಿತ್ತು, ಅಲ್ವಾ? ನನಗೆ ಆ ಮಾತು ಬೇಜಾರಾಯಿತು.

ಇಲ್ಲಿ ಎಡಕ್ಕೆ ಕುರಿ ನೋಡಿ. ಹೂಂ, ಹೋಯಿತು.

ಹಾಡಿಗೆ ಬರುತ್ತೇನೆ. ಕೇಳೋಕೆ ಎಷ್ಟು ಸಲೀಸು. ಎಣಿಸೋಕೆ ಹೋದರೆ ಸುತ್ತಿಗೆ ಏಳು ಬಡಿತ. ಚಿಕ್ಕವಳಿದ್ದಾಗ ಸಂಗೀತ ಪಾಠದಲ್ಲಿ ತೊಡೆ ಕೆಂಪಾಗುವಷ್ಟು ತಟ್ಟಿದ ಮಿಶ್ರಛಾಪು, ಅದೇ ಮೂರು ನಾಲ್ಕು ಸೇರಿ ಏಳರ ತಾಳ, ನೆನಪಾಯಿತು. ಅಡುಗೆ ಕಟ್ಟೆ ಮೇಲೆ ತಕಿಟ ತಕಧಿಮಿ ಅಂತ ತಟ್ಟಿದೆ. ನನ್ನ ಕೈಗೆ ಅದು ಕೂರಲಿಲ್ಲ. ತಿರುಗಿಸಿ ತಕಧಿಮಿ ತಕಿಟ ಅಂದೆ, ಕೂತಿತು. ಪಲ್ಲವಿ ಮುಗಿಯುವಾಗ ಎರಡು ಸುತ್ತು ಮಾತ್ರ ನಾಲ್ಕಕ್ಕೆ ಬರುತ್ತೆ. ಅಲ್ಲಿ ಕಾಲು ನೆಲಕ್ಕೆ ತಾಗಿದ ಹಾಗೆ. ಉಳಿದ ಹೊತ್ತು ಎಂಟಕ್ಕೆ ಒಂದು ಬಡಿತ ಕಮ್ಮಿ, ಹೆಜ್ಜೆ ಗಾಳಿಯಲ್ಲೇ. ಬ್ಯಾಂಡ್ ಬಿಟ್ಟವನ ಎದೆ ಹಾಗೇ ಹೊಡೆದುಕೊಳ್ಳುತ್ತೆ ಅಂತ ನನಗೆ ಅನ್ನಿಸುತ್ತೆ. ಇದರ ಮುಂದೆ 1986ರ 'ಸ್ಲೆಡ್ಜ್‌ಹ್ಯಾಮರ್' ಏನೂ ಅಲ್ಲ. ಅಮೆರಿಕದಲ್ಲಿ ನಂಬರ್ ಒನ್ ಆಗಿರಲಿ, ನನಗೆ ಬೇಡ. ಸರಿ, ಆ ಶುರುವಿನ ಕೊಳಲು ಮಾತ್ರ ಬೇಕು. ಕಹಳೆಗಳೂ ಬೇಕು. ಹಾಡೇ ಚೆನ್ನಾಗಿದೆ ಬಿಡಿ.

ಬಿಟ್ಟು ಬಂದರೂ ಗೆಳೆತನ ಹೋಗಲಿಲ್ಲ. 1982ರಲ್ಲಿ ಗೇಬ್ರಿಯಲ್ ಬೇರೆ ಕೆಲವರ ಜೊತೆ ಸೇರಿ ವೋಮ್ಯಾಡ್ ಅನ್ನೋ ಸಂಗೀತ ಹಬ್ಬ ಶುರು ಮಾಡಿದರು, ಇಲ್ಲೇ ಸಾಮರ್‌ಸೆಟ್‌ನ ಶೆಪ್ಟನ್ ಮ್ಯಾಲೆಟ್‌ನಲ್ಲಿ. ಲೋಕದ ಎಲ್ಲ ಕಡೆಯ ಸಂಗೀತ ಒಂದೇ ಬಯಲಲ್ಲಿ. ಜನ ಬಂದರು, ಸಾಲ ಅದಕ್ಕಿಂತ ಜಾಸ್ತಿ ಬಂತು. ಆಗ ಜೆನೆಸಿಸ್‌ನ ಹಳೇ ಗೆಳೆಯರೇ ಬಂದು, ಅಕ್ಟೋಬರ್ 2ರಂದು ಮಿಲ್ಟನ್ ಕೀನ್ಸ್‌ನಲ್ಲಿ ಸುರಿಯುವ ಮಳೆಯಲ್ಲಿ ಇವರಿಗಾಗಿ ಜೊತೆಗೆ ನುಡಿಸಿದರು. ಸಾಲ ತೀರಿಸೋಕೆ. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತ್ತು. ಮುಂದೆ 1988ರಲ್ಲಿ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿಯ ಟೂರ್ ಜೊತೆ ಗೇಬ್ರಿಯಲ್ ದೆಹಲಿಗೂ ಬಂದು ಹಾಡಿದರು.

ಮೇಲೆ ಬಂದೆವು. ನೋಡಿ, ಎಷ್ಟು ಚಪ್ಪಟೆ. ಇದು ಕಬ್ಬಿಣ ಯುಗದ ಕೋಟೆ ಇದ್ದ ಜಾಗ. ಕೆಳಗೆ ಜೇನು ಬಣ್ಣದ ಕಲ್ಲಿನ ಬಾತ್.

ಆ ತಪ್ಪು ತಟ್ಟೆ? ವಾಪಸ್ ಕೊಡುವುದು ಅಂತಲೇ ಇದ್ದೆ. ಅದರಲ್ಲಿ 'ಮದರ್ ಆಫ್ ವಯಲೆನ್ಸ್' ಅಂತ ಒಂದು ಮೆಲ್ಲನೆಯ ಹಾಡಿದೆ, ಪಿಯಾನೋ ಮತ್ತು ಗಿಟಾರ್. ನಾಲ್ಕು ಸಲ ಕೇಳಿದೆ. ಇಟ್ಟುಕೊಳ್ಳುತ್ತೇನೆ. ಕಾರಿನ ತಟ್ಟೆ ಬೇರೆ ಹುಡುಕಬೇಕು.

ಬ್ಯಾಟರಿ ಕೆಂಪಾಗಿದೆ, ಬಸ್ಸು ನಾಲ್ಕೂ ಇಪ್ಪತ್ತಕ್ಕೆ. ಇಳಿಯುವಾಗ ಹೆಡ್‌ಫೋನ್ ಹಾಕಿದ್ದೆ. ತಕಧಿಮಿ ತಕಿಟ, ತಕಧಿಮಿ ತಕಿಟ.