ಹಡಗಿನಲ್ಲಿ ‘ಸಿಬ್ಬಂದಿಗೆ ಮಾತ್ರ’ ಅನ್ನುವ ಬಾಗಿಲಿನ ಆಚೆ

ಮೈಸೂರು ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಪ್ರವಾಸಿ ಹಡಗಿನಲ್ಲಿ ಕೆಲಸ ಮಾಡಿ ಬಂದವರು ಸಿಕ್ಕರೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಹಡಗಿನ ಮೇಲೆ ಈಜುಕೊಳ ಇರುತ್ತಂತೆ, ನಿಜವಾ? ಮಧ್ಯದಲ್ಲಿ ಯಾರಾದರೂ ಸತ್ತರೆ ಏನು ಮಾಡುತ್ತಾರೆ? ಎರಡಕ್ಕೂ ಈಗಲೇ ಉತ್ತರ ಹೇಳಿ ಮುಗಿಸಿಬಿಡುತ್ತೇನೆ. ಈಜುಕೊಳ ಇರುತ್ತದೆ. ಹೆಣ ಇಡುವುದಕ್ಕೆ ಕೆಳಗಡೆ ಒಂದು ಚಿಕ್ಕ ತಣ್ಣನೆಯ ಕೋಣೆಯೂ ಇರುತ್ತದೆ. ಕುಡಿದು ಗಲಾಟೆ ಮಾಡಿದವರನ್ನು ಕೂಡಿಹಾಕುವುದಕ್ಕೆ ಇನ್ನೊಂದು ಕೋಣೆ. ಆಯ್ತಾ? ಇನ್ನು ನನ್ನ ವಿಷಯಕ್ಕೆ ಬರೋಣ.

ನನ್ನ ವಿಷಯ ಅಡುಗೆಮನೆ. ಹಡಗಿನವರ ಮಾತಿನಲ್ಲಿ ಗ್ಯಾಲಿ. ನಾನು ಗ್ಯಾಲಿಯಲ್ಲಿ ಕೆಲಸಕ್ಕೆ ಸೇರಿ, ಕೊನೆಗೆ ಅಲ್ಲಿನ ಶುಚಿತ್ವ ನೋಡಿಕೊಳ್ಳುವ ಅಧಿಕಾರಿಯಾಗಿದ್ದೆ. ಈಗ ಮೈಸೂರಿನಲ್ಲಿ ಹೋಟೆಲ್ ಕೆಲಸ ಕಲಿಯುವ ಹುಡುಗರಿಗೆ ಪಾಠ ಹೇಳುತ್ತೇನೆ. ಈ ಹದಿನೈದು ನಿಮಿಷದಲ್ಲಿ ನಾನು ಹೇಳುವುದು ಒಂದೇ ಮಾತು. ಬಿಸಿಯದು ಬಿಸಿಯಾಗಿರಬೇಕು, ತಣ್ಣನೆಯದು ತಣ್ಣಗಿರಬೇಕು. ನಡುವೆ ಬೆಚ್ಚಗೆ ಅಂತ ಏನೂ ಇರಕೂಡದು. ಇಷ್ಟು ಕೇಳಿಸಿಕೊಂಡು ರೇಡಿಯೋ ಆರಿಸಿದರೂ ನನಗೆ ಬೇಜಾರಿಲ್ಲ. ಆದರೆ ಆರಿಸಬೇಡಿ, ಮುಂದೆ ಒಂದು ಕಥೆ ಇದೆ.

ಮೊದಲು ಜಾಗ ಯಾವುದು ಅಂತ ಕಣ್ಣಮುಂದೆ ತಂದುಕೊಳ್ಳಿ. 2024ರಲ್ಲಿ ಯಾನ ಶುರು ಮಾಡಿದ ‘ಐಕಾನ್ ಆಫ್ ದ ಸೀಸ್’ ಅನ್ನುವ ಹಡಗು 365 ಮೀಟರ್ ಉದ್ದ ಇದೆ. ಪೂರ್ತಿ ತುಂಬಿದರೆ 7,600 ಪ್ರಯಾಣಿಕರು, ಜೊತೆಗೆ 2,350 ಸಿಬ್ಬಂದಿ. ಹತ್ತಿರ ಹತ್ತಿರ ಹತ್ತು ಸಾವಿರ ಬಾಯಿ. ಮೂರು ಹೊತ್ತು ಅಲ್ಲ, ದಿನವಿಡೀ ತಿನ್ನುವ ಬಾಯಿ. ನಾನು ಕೆಲಸ ಮಾಡಿದ ಹಡಗುಗಳು ಇದಕ್ಕಿಂತ ಚಿಕ್ಕವು. ಆದರೆ ಒಳಗಿನ ವ್ಯವಸ್ಥೆ ಒಂದೇ. ರತ್ನಗಂಬಳಿ, ತೂಗುದೀಪ, ಪಿಯಾನೋ ಎಲ್ಲ ಒಂದು ಬಾಗಿಲಿನವರೆಗೆ ಮಾತ್ರ. ‘ಸಿಬ್ಬಂದಿಗೆ ಮಾತ್ರ’ ಅಂತ ಬರೆದ ಆ ಬಾಗಿಲು ತಳ್ಳಿದರೆ ಬಿಳಿ ಬಣ್ಣದ ಕಬ್ಬಿಣದ ಗೋಡೆ, ಟ್ಯೂಬ್‌ಲೈಟು, ತಲೆಯ ಮೇಲೆ ಪೈಪು.

ಕೆಳಗೆ ಹಡಗಿನ ಮುಂದಿನಿಂದ ಹಿಂದಿನವರೆಗೆ ಒಂದೇ ಉದ್ದದ ಓಣಿ ಇರುತ್ತದೆ. ಅಮೆರಿಕದ ಕಡೆಯ ಹಡಗುಗಳಲ್ಲಿ ಅದನ್ನು ‘ಐ-95’ ಅನ್ನುತ್ತಾರೆ. ಅಮೆರಿಕದ ಪೂರ್ವ ಕರಾವಳಿಯ ಹೆದ್ದಾರಿಯ ಹೆಸರು ಅದು. ಹಡಗು ಬಂದರಿಗೆ ಬಂದ ದಿನ ಆ ಓಣಿ ದಸರಾ ಹೊತ್ತಿನ ದೇವರಾಜ ಅರಸು ರಸ್ತೆಯೇ ಸರಿ. ಒಂದು ಕಡೆಯಿಂದ ಆಲೂಗಡ್ಡೆ ಬರುತ್ತಿರುತ್ತದೆ, ಇನ್ನೊಂದು ಕಡೆಯಿಂದ ಕೊಳೆ ಬಟ್ಟೆ, ಮಧ್ಯದಲ್ಲಿ ಸೂಟ್‌ಕೇಸು. ಒಂದು ವಾರದ ದಿನಸಿ ಒಂದೇ ಹಗಲಿನಲ್ಲಿ ಒಳಗೆ ಸೇರಬೇಕು. ಸಂಜೆ ಹಡಗು ಹೊರಟಮೇಲೆ ಕೊತ್ತಂಬರಿ ಸೊಪ್ಪು ಮರೆತುಹೋಯ್ತು ಅಂತ ದೇವರಾಜ ಮಾರ್ಕೆಟ್ಟಿಗೆ ಓಡುವ ಹಾಗಿಲ್ಲ.

ನಾನಿದ್ದ ಕಡೆ ದಿನಸಿ ಬಂದ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸ, ರಟ್ಟಿನ ಡಬ್ಬಗಳನ್ನು ಬಿಚ್ಚಿ ಬಿಸಾಡುವುದು. ತರಕಾರಿಯನ್ನು ಪ್ಲಾಸ್ಟಿಕ್ ಕ್ರೇಟಿಗೆ ಸುರಿದುಕೊಳ್ಳುತ್ತಿದ್ದೆವು. ರಟ್ಟಿನ ಮಡಿಕೆಯಲ್ಲಿ ಜಿರಲೆ ಮೊಟ್ಟೆ ಇಡುತ್ತದೆ. ನಿಮ್ಮ ಅಡುಗೆಮನೆಯ ಅಟ್ಟದ ಮೇಲೆ ಮಿಕ್ಸಿಯ ರಟ್ಟಿನ ಡಬ್ಬ ಇನ್ನೂ ಇದೆ ಅಲ್ವಾ? ಇರಲಿ, ಅದನ್ನು ಆಮೇಲೆ ನೋಡಿಕೊಳ್ಳಿ.

ಅಲ್ಲಿಂದ ಮುಂದೆ ಎಲ್ಲದಕ್ಕೂ ಬೇರೆ ಬೇರೆ ಕೋಣೆ. ಮಾಂಸಕ್ಕೆ ಒಂದು, ಮೀನಿಗೆ ಒಂದು, ತರಕಾರಿಗೆ ಒಂದು. ಮಂಜುಗಡ್ಡೆ ಕಟ್ಟಿದ ಮಾಂಸವನ್ನು ಕರಗಿಸುವುದಕ್ಕೇ ಒಂದು ತಣ್ಣನೆಯ ಕೋಣೆ ಇರುತ್ತದೆ. ಸಿಂಕಿನಲ್ಲಿ ನೆನೆಹಾಕಿ ಹೋಗುವ ಪದ್ಧತಿ ಇಲ್ಲ. ಹೆಚ್ಚುವ ಮಣೆಗೂ ಬಣ್ಣ. ಹಸಿರು ತರಕಾರಿಗೆ, ನೀಲಿ ಮೀನಿಗೆ, ಕೆಂಪು ಹಸಿ ಮಾಂಸಕ್ಕೆ. ಒಲೆಯಲ್ಲಿ ಉರಿ ಕಾಣುವುದಿಲ್ಲ, ಎಲ್ಲ ಕರೆಂಟಿನದು. ಸಮುದ್ರದ ಮಧ್ಯದಲ್ಲಿ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ. ಗೋಡೆ ಮತ್ತು ನೆಲ ಸೇರುವ ಕಡೆ ಚೂಪಾದ ಮೂಲೆಯೇ ಇರುವುದಿಲ್ಲ, ಗುಂಡಗೆ ಬಳಿದಿರುತ್ತದೆ. ಮೂಲೆ ಇದ್ದರೆ ತಾನೇ ಕೊಳೆ ಕೂರುವುದು?

ಪ್ರತಿ ಅಡುಗೆಯವನ ತೋಳಿನ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಕಡ್ಡಿ ಥರ್ಮಾಮೀಟರ್. ಸೌಟಿಗಿಂತ ಅದಕ್ಕೇ ಜಾಸ್ತಿ ಬೆಲೆ. ಅಮೆರಿಕದ ಬಂದರು ಮುಟ್ಟುವ ಹಡಗುಗಳಿಗೆ ಅಲ್ಲಿನ ಆರೋಗ್ಯ ಇಲಾಖೆಯ ನಿಯಮ ಇದೆ. ತಣ್ಣನೆಯ ಆಹಾರ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ. ಬಿಸಿ ಆಹಾರ 57 ಡಿಗ್ರಿ ಅಥವಾ ಅದಕ್ಕಿಂತ ಮೇಲೆ. ಈ 5ಕ್ಕೂ 57ಕ್ಕೂ ನಡುವೆ ರೋಗಾಣುಗಳಿಗೆ ಹಬ್ಬ. ಅದಕ್ಕೇ ಹೇಳಿದ್ದು, ಬೆಚ್ಚಗೆ ಅಂತ ಏನೂ ಇರಕೂಡದು.

ಈಗ ಕಥೆ.

ಮದ್ದೂರಿನ ಹತ್ತಿರದ ಹಳ್ಳಿಯ ಒಬ್ಬ ಹುಡುಗ ನಮ್ಮ ಹಡಗಿಗೆ ಬಂದಿದ್ದ. ಪಾತ್ರೆ ತೊಳೆಯುವ ಕೆಲಸ. ಹಡಗಿನಲ್ಲಿ ಅದನ್ನು ಯುಟಿಲಿಟಿ ಅನ್ನುತ್ತಾರೆ. ಗ್ಯಾಲಿಯಲ್ಲಿ ಅದಕ್ಕಿಂತ ಕೆಳಗಿನ ಹುದ್ದೆ ಇಲ್ಲ. ಹುಡುಗನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಅವನ ಯಂತ್ರ ಒಂದು ಸಣ್ಣ ಬಸ್ಸಿನಷ್ಟು ಉದ್ದ. ಒಂದು ತುದಿಯಲ್ಲಿ ಎಂಜಲು ತಟ್ಟೆ ಬೆಲ್ಟಿನ ಮೇಲೆ ಇಟ್ಟರೆ ಇನ್ನೊಂದು ತುದಿಯಲ್ಲಿ ಮುಟ್ಟಲಾಗದಷ್ಟು ಬಿಸಿಯಾಗಿ ಹೊರಗೆ ಬರುತ್ತದೆ. ಕೊನೆಯಲ್ಲಿ ಚಿಮ್ಮುವ ನೀರು 180 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 82 ಡಿಗ್ರಿ ಸೆಲ್ಸಿಯಸ್ ಇರಲೇಬೇಕು. ಆ ಬಿಸಿಯೇ ರೋಗಾಣು ಕೊಲ್ಲುವುದು, ಸೋಪು ಅಲ್ಲ. ಹೊರಗಡೆ ದುಂಡನೆಯ ಒಂದು ಮೀಟರು, ಅದರಲ್ಲಿ ಒಂದು ಮುಳ್ಳು. ಕೆಲಸಕ್ಕೆ ಸೇರಿದ ದಿನ ನಾನು ಅವನಿಗೆ ಹೇಳಿಕೊಟ್ಟಿದ್ದು ಇಷ್ಟೇ. ‘ನೋಡಪ್ಪ, ಮುಳ್ಳು ಈ ಗೆರೆಗಿಂತ ಕೆಳಗೆ ಬಂದರೆ ನಿಲ್ಲಿಸು. ಯಾರನ್ನೂ ಕೇಳಬೇಡ.’

ನಮ್ಮಲ್ಲಿ ರಾತ್ರಿ ಊಟ ಎರಡು ಪಂಕ್ತಿ. ಒಂದು ಸಂಜೆ ಬೇಗ, ಇನ್ನೊಂದು ಎಂಟರ ಮೇಲೆ. ಮೊದಲ ಪಂಕ್ತಿಯ ತಟ್ಟೆ ತೊಳೆದು ಬಂದರೆ ಮಾತ್ರ ಎರಡನೇ ಪಂಕ್ತಿ ಕೂರುವುದು. ಅವತ್ತು ಮೊದಲ ಪಂಕ್ತಿ ಮುಗಿದು ತಟ್ಟೆಗಳು ಪ್ರವಾಹದ ಹಾಗೆ ಬರುತ್ತಿವೆ. ಇದ್ದಕ್ಕಿದ್ದ ಹಾಗೆ ಗ್ಯಾಲಿಯಲ್ಲಿ ಸದ್ದು ಅಡಗಿತು. ಹಗಲೂ ರಾತ್ರಿ ಭರ್ರ್ ಅನ್ನುವ ಯಂತ್ರ ನಿಂತರೆ ಕಿವಿಗೆ ಹೊಡೆದ ಹಾಗಾಗುತ್ತದೆ. ಹುಡುಗ ಕೆಂಪು ಗುಂಡಿ ಒತ್ತಿದ್ದ.

ದೊಡ್ಡ ಬಾಣಸಿಗ ಓಡಿ ಬಂದ. ಆರಡಿ ಆಳು, ಉದ್ದನೆಯ ಟೋಪಿ. ಬಾಯಿಗೆ ಬಂದ ಹಾಗೆ ಕೂಗಾಡಿದ. ಒಂದು ತಟ್ಟೆ ಎತ್ತಿ ದೀಪಕ್ಕೆ ಹಿಡಿದು ತೋರಿಸಿದ. ಫಳಫಳ ಹೊಳೆಯುತ್ತಿತ್ತು. ಎಲ್ಲಿದೆ ಕೊಳೆ, ಚಾಲೂ ಮಾಡು ಅಂದ. ಹುಡುಗ ಮಾತಾಡಲಿಲ್ಲ. ಒದ್ದೆ ಗ್ಲೌಸು ತೆಗೆದ. ತೋರುಬೆರಳನ್ನು ಮೀಟರಿನ ಗಾಜಿನ ಮೇಲೆ ಇಟ್ಟ. ಹಾಗೇ ನಿಂತ. ಬಾಣಸಿಗ ಇನ್ನೂ ಜೋರಾಗಿ ಕೂಗಿದ. ಬೆರಳು ಅಲ್ಲಾಡಲಿಲ್ಲ.

ಅಷ್ಟು ಹೊತ್ತಿಗೆ ನಾನು ಹೋದೆ. ನನ್ನನ್ನು ನೋಡಿದ್ದೇ ಕನ್ನಡದಲ್ಲಿ ಹೇಳಿದ, ‘ಮುಳ್ಳು ಮ್ಯಾಕ್ಕೇ ಓಯ್ತಾ ಇಲ್ಲ ಕಣಣ್ಣ.’ ನೋಡಿದೆ. 166. ನೀರು ಕಾಯಿಸುವ ಹೀಟರು ಕೆಟ್ಟಿತ್ತು. ತಟ್ಟೆ ಹೊಳೆಯುತ್ತಿದೆ, ನಿಜ. ಆದರೆ ಹೊಳಪಿಗೂ ಶುದ್ಧಕ್ಕೂ ಸಂಬಂಧ ಇಲ್ಲ ಸ್ವಾಮಿ. ನಾನು ಯಂತ್ರಕ್ಕೆ ಬೀಗ ಹಾಕಿಸಿದೆ. ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಮೂರು ತೊಟ್ಟಿಯ ಸಿಂಕಿನ ಮುಂದೆ ಎಲ್ಲರೂ ಸಾಲಾಗಿ ನಿಂತೆವು. ಒಂದರಲ್ಲಿ ಸೋಪು, ಒಂದರಲ್ಲಿ ಬರೀ ನೀರು, ಒಂದರಲ್ಲಿ ಕ್ಲೋರಿನ್. ಅಡುಗೆಯವರು, ಬಡಿಸುವವರು, ಕೊನೆಗೆ ಆ ದೊಡ್ಡ ಬಾಣಸಿಗನೂ ಟೋಪಿ ತೆಗೆದಿಟ್ಟು ತಟ್ಟೆ ತೊಳೆದ. ಎರಡನೇ ಪಂಕ್ತಿ ತಡವಾಯಿತು. ಮೇಲೆ ಇನ್ನೆರಡು ಹಾಡು ಹಾಡಿಸಿದರು. ಪ್ರಯಾಣಿಕರು ಚಪ್ಪಾಳೆ ಹೊಡೆದರಂತೆ, ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ.

ಕೆಲವು ವಾರದ ಮೇಲೆ ಅಮೆರಿಕದ ಬಂದರಿನಲ್ಲಿ ತಪಾಸಣೆಯವರು ಬಂದರು. ಅವರು ಮುಂಚೆ ಹೇಳಿ ಬರುವುದಿಲ್ಲ. ಬೆಳಗ್ಗೆ ಹಡಗು ಕಟ್ಟಿದ್ದೇ ಟಾರ್ಚು ಹಿಡಿದು ಹತ್ತಿಬಿಡುತ್ತಾರೆ. ನೂರಕ್ಕೆ ಅಂಕ ಕೊಡುತ್ತಾರೆ. 85 ಬಂದರೂ ಫೇಲು. 86 ಬೇಕು. ಆ ಅಂಕವನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅವತ್ತು ಬಂದಿದ್ದ ಹೆಂಗಸು ಐಸ್ ಯಂತ್ರದ ಕೆಳಗೆ ನೆಲದ ಮೇಲೆ ಮಲಗಿ ನೋಡಿದರು. ಆಮೇಲೆ ದಾಖಲೆ ಪುಸ್ತಕ ತೆಗೆಸಿದರು. ಯಂತ್ರ ನಿಲ್ಲಿಸಿದ ಸಾಲಿನ ಮೇಲೆ ಬೆರಳಿಟ್ಟು, ಯಾರು ನಿಲ್ಲಿಸಿದ್ದು ಅಂತ ಕೇಳಿದರು. ಹುಡುಗನನ್ನು ಕರೆಸಿದೆವು. ನೀರು ಎಷ್ಟು ಬಿಸಿ ಇರಬೇಕು ಅಂದರು. ‘ಒನ್ ಏಯ್ಟಿ ಮೇಡಂ’ ಅಂದ. ಇಲ್ಲದಿದ್ದರೆ? ‘ಸ್ಟಾಪ್ ಮೇಡಂ.’ ಅವನಿಗೆ ಬರುತ್ತಿದ್ದ ಇಂಗ್ಲಿಷು ಸಾಕಾಯಿತು. ಅವನ ಕಡೆ ಒಂದು ಅಂಕವೂ ಹೋಗಲಿಲ್ಲ. ಹೋಗಿದ್ದು ದೊಡ್ಡ ಬಾಣಸಿಗನ ಕಡೆ, ಒಂದು ಫ್ರಿಜ್ಜಿನ ಬಾಗಿಲಿನ ರಬ್ಬರು ಹರಿದಿತ್ತು.

ಕಥೆಗೇ ಜಾಸ್ತಿ ಹೊತ್ತಾಯಿತು ಅಂತ ಇಲ್ಲಿ ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಬಟ್ಟೆ ಒಗೆಯುವ ಕೋಣೆ, ಉಪ್ಪು ನೀರನ್ನು ಸಿಹಿ ಮಾಡುವ ಯಂತ್ರ, ಕಸ ಬೇರ್ಪಡಿಸುವ ಕೋಣೆ, ಇದೆಲ್ಲ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ. ಕಸದ ಬಗ್ಗೆ ಒಂದೇ ಮಾತು. ಪ್ಲಾಸ್ಟಿಕ್ಕನ್ನು ಯಾವ ಸಮುದ್ರಕ್ಕೂ ಎಸೆಯುವ ಹಾಗಿಲ್ಲ. ಮಾರ್ಪೋಲ್ ಅನ್ನುವ ಅಂತರರಾಷ್ಟ್ರೀಯ ನಿಯಮ ಅದು. ಉಳಿದದ್ದು ಬಿಡಿ. ನನಗೆ ಅನ್ನದ ವಿಷಯ ಹೇಳಲೇಬೇಕು.

ಹಡಗಿನಲ್ಲಿ ಮಿಕ್ಕ ಅನ್ನವನ್ನು ಹಂಡೆಯಲ್ಲಿ ಹಾಗೇ ಬಿಡುವುದಿಲ್ಲ. ಅಗಲವಾದ ತಟ್ಟೆಗೆ ತೆಳ್ಳಗೆ ಹರಡಿ, ಬ್ಲಾಸ್ಟ್ ಚಿಲ್ಲರ್ ಅನ್ನುವ ಪೆಟ್ಟಿಗೆಗೆ ತಳ್ಳುತ್ತಾರೆ. ಎರಡು ಗಂಟೆಯೊಳಗೆ 57ರಿಂದ 21 ಡಿಗ್ರಿಗೆ ಇಳಿಯಬೇಕು. ಮುಂದಿನ ನಾಲ್ಕು ಗಂಟೆಯೊಳಗೆ 5ಕ್ಕೆ. ಲೆಕ್ಕ ತಪ್ಪಿತೋ, ಅನ್ನ ಕಸಕ್ಕೆ. ಅಯ್ಯೋ ಅನ್ನ ಅನ್ನುವ ಮಾತಿಲ್ಲ.

ನಮ್ಮಲ್ಲಿ? ರಾತ್ರಿಯ ಅನ್ನ ಒಲೆಯ ಪಕ್ಕ ಮುಚ್ಚಿಟ್ಟು ಬೆಳಗ್ಗೆ ಚಿತ್ರಾನ್ನ. ಒಗ್ಗರಣೆ ಬಿದ್ದರೆ ಎಲ್ಲ ಸರಿಹೋಗುತ್ತೆ ಅಂತ ನಂಬಿಕೆ. ಹೋಗುವುದಿಲ್ಲ ತಾಯಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ರೋಗಾಣುವಿನ ಬೀಜ ಇರುತ್ತದೆ, ಅನ್ನ ಬೆಂದರೂ ಅದು ಸಾಯುವುದಿಲ್ಲ. ಅನ್ನ ಬೆಚ್ಚಗಿದ್ದರೆ ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಚಿತ್ರಾನ್ನ ಮಾಡಿ, ನಾನೂ ತಿನ್ನುತ್ತೇನೆ. ಆದರೆ ಊಟ ಆದ ಕೂಡಲೇ ಅನ್ನವನ್ನು ತಟ್ಟೆಗೆ ಹರಡಿ, ಆರಿದ ತಕ್ಷಣ ಚಿಕ್ಕ ಚಿಕ್ಕ ಡಬ್ಬದಲ್ಲಿ ಫ್ರಿಜ್ಜಿಗಿಡಿ. ರಾತ್ರಿಯೆಲ್ಲ ಹೊರಗಿದ್ದರೆ ತಿನ್ನಬೇಡಿ.

ಇನ್ನು ನಮ್ಮ ಛತ್ರಗಳು. ಮಂಡ್ಯದ ಕಡೆ ಬೀಗರೂಟ ಅಂದರೆ ಕೋಳಿ ಕೂಗುವ ಮುಂಚೆ ಮಟನ್ ಸಾರು ಇಳಿಸಿರುತ್ತಾರೆ. ಕೊನೆಯ ಪಂಕ್ತಿ ಏಳುವಾಗ ಮೂರೂವರೆ. ಪಲಾವಿನ ಹಂಡೆ ನೆಲದ ಮೇಲೆ, ಮೇಲೊಂದು ಗೋಣಿಚೀಲ. ಕೈ ಇಟ್ಟರೆ ಬೆಚ್ಚಗಿದೆ ಅನ್ನುತ್ತಾರೆ. ಅದೇ ತೊಂದರೆ ಕಣ್ರೀ! ಬಿಸಿಯದು ಬಿಸಿಯಾಗಿರಬೇಕು. ಸಾರನ್ನು ಒಲೆಯ ಮೇಲೆ ಕುದಿಯಲು ಬಿಡಿ. ಪಲಾವನ್ನು ಒಂದೇ ಸಲ ಮಾಡುವ ಬದಲು ಪಂಕ್ತಿಗೆ ತಕ್ಕ ಹಾಗೆ ಎರಡು ಮೂರು ಸಲ ಮಾಡಿ. ಅಡುಗೆ ಕಂಟ್ರಾಕ್ಟರುಗಳು ಗೊಣಗುತ್ತಾರೆ, ಗೊತ್ತು. ಕಡ್ಡಿ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಲಕ್ಷಗಟ್ಟಲೆ ಬಿಲ್ಲು ಮಾಡುವವರಿಗೆ ಅದೇನು ಭಾರವಾ?

ಕೈ ತೊಳೆಯುವುದು. ಬಾಟಲಿಯ ಸ್ಯಾನಿಟೈಸರು ಉಜ್ಜಿಕೊಂಡರೆ ಸಾಲದು. ಹಡಗಿನಲ್ಲಿ ವಾಂತಿ ಭೇದಿ ಹರಡುವ ನೊರೋವೈರಸ್ಸಿಗೆ ಅದು ಸರಿಯಾಗಿ ತಾಗುವುದಿಲ್ಲ. ಸೋಪು, ನೀರು, ಚೆನ್ನಾಗಿ ಉಜ್ಜಿ. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಹಡಗು ಹತ್ತುವವರಿಗೂ ಇದೇ ಮಾತು.

ಕೊನೆಯದಾಗಿ, ಹಡಗಿನ ಕೆಲಸಕ್ಕೆ ಹೋಗಬೇಕು ಅನ್ನುವ ಮಕ್ಕಳಿಗೆ. ಸುರಕ್ಷತೆಯ ತರಬೇತಿ ಮಾಡಿಕೊಳ್ಳಿ. ಏಜೆಂಟರ ಹತ್ತಿರ ಆರ್‌ಪಿಎಸ್‌ಎಲ್ ಇದೆಯಾ ನೋಡಿ, ಅಂದರೆ ಹಡಗಿನ ಕೆಲಸಕ್ಕೆ ಜನರನ್ನು ಸೇರಿಸುವುದಕ್ಕೆ ಭಾರತ ಸರ್ಕಾರದ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಡುವ ಲೈಸೆನ್ಸ್. ಲೈಸೆನ್ಸ್ ಇರುವವರ ಪಟ್ಟಿ ಆ ಡೈರೆಕ್ಟರೇಟಿನ ವೆಬ್‌ಸೈಟಿನಲ್ಲೇ ಇದೆ. ಪಾಸ್‌ಪೋರ್ಟು, ಮೆಡಿಕಲ್ಲು, ಇವುಗಳ ಖರ್ಚು ನಿಮ್ಮದು. ಆದರೆ ಕೆಲಸ ಕೊಡಿಸುತ್ತೇನೆ ಅಂತ ನಿಮ್ಮಿಂದ ಫೀಸು ತಗೊಳ್ಳುವುದು ಕಾನೂನಿಗೆ ವಿರುದ್ಧ. ಜಮೀನು ಅಡ ಇಟ್ಟು ಯಾರಿಗೂ ದುಡ್ಡು ಕೊಡಬೇಡಿ. ಕೇಳಿದರೆ ಎದ್ದು ಬನ್ನಿ.

ನಮಸ್ಕಾರ.